ಹಿಮ್ಮೇಳದಲ್ಲಿ ಕುಳಿತವನು

ಮಂಗಳೂರು ಪೇಟೆಯಿಂದ ಕಾರ್ಕಳದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕುಲಶೇಖರವೆಂಬ ಊರಿದೆ. ಆಳುಪ ಅರಸರ ಹೆಸರನ್ನು ನೆನಪಿಗೆ ತರುವ ಈ ಊರು ಇಂದು ನಗರದೊಳಗೆ ಸೇರಿಹೋಗಿದೆಯಾದರೂ, ಸಾಯಂಕಾಲದ ಹೊತ್ತಿನಲ್ಲಿ ಅದರ ಹಳೆಯ ಸ್ವರವು ಇನ್ನೂ ಕೇಳಬರುತ್ತದೆ. ಒಂದು ಕಡೆಯಿಂದ ಶ್ರೀ ವೀರನಾರಾಯಣ ದೇವಸ್ಥಾನದ ಘಂಟಾನಾದ. ಇನ್ನೊಂದು ಕಡೆಯಿಂದ, ೧೮೭೩ನೆಯ ಇಸವಿಯಲ್ಲಿ ಫಾದರ್ ಅಲೆಕ್ಸಾಂಡರ್ ದುಬೊಯಿಯವರು ಕಟ್ಟಿಸಿದ ಕೊರ್ಡೆಲ್ ಇಗರ್ಜಿಯ ಪ್ರಾರ್ಥನೆಯ ಗಂಟೆ. ಇವೆರಡರ ನಡುವೆ ಯಾವುದೋ ಮನೆಯ ಜಗಲಿಯಿಂದ ಗಿಟಾರಿನ ಮೀಟು. ಈ ಸೀಮೆಯ ಕ್ರೈಸ್ತ ಕುಟುಂಬಗಳಿಗೆ ಗಿಟಾರು ಹೊಸ ವಸ್ತುವಲ್ಲ. ಇಗರ್ಜಿಯ ಗಾಯನವೃಂದದಲ್ಲಿ, ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ, ಹಬ್ಬದ ಕೂಟದಲ್ಲಿ ಅದು ಇದ್ದೇ ಇರುತ್ತದೆ. ಅದನ್ನು ನುಡಿಸುವ ಹುಡುಗನನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಅದೇ ಹುಡುಗನು, “ಇದನ್ನೇ ವೃತ್ತಿಯಾಗಿ ಹಿಡಿಯುತ್ತೇನೆ” ಎಂದು ಹೇಳಿದ ದಿವಸ ಆ ಮನೆಯಲ್ಲಿ ಮೌನವು ಕವಿಯುತ್ತದೆ.

ಕಳೆದ ಮಳೆಗಾಲದ ಒಂದು ಸಂಜೆ ಅಂಥದೊಂದು ಮೌನವನ್ನು ಹೊತ್ತುಕೊಂಡು ನಮ್ಮ ನೆರೆಮನೆಯ ಪೊರ್ಬುಗಳು ನನ್ನ ಜಗಲಿಗೆ ಬಂದರು. ಇಪ್ಪತ್ತು ವರ್ಷ ಕೊಲ್ಲಿ ರಾಜ್ಯದಲ್ಲಿ ದುಡಿದು, ಮನೆ ಕಟ್ಟಿ, ಮಗಳ ಮದುವೆ ಮಾಡಿ, ಮಗನ ವಿದ್ಯಾಭ್ಯಾಸಕ್ಕೆಂದು ಒಂದಿಷ್ಟು ಹಣವನ್ನು ತೆಗೆದಿರಿಸಿದ ಗೃಹಸ್ಥರು ಅವರು. ಹಿಂದೆ ಅವರ ಮಗನು, ಕಣ್ಣನ್ನು ನೆಲಕ್ಕೆ ನೆಟ್ಟು, ನಿಂತಿದ್ದನು.

“ಮಾಷ್ಟ್ರೇ, ನೀವು ಇವನಿಗೆ ಅಕ್ಷರ ಕಲಿಸಿದವರು. ನೀವೇ ಒಂದು ಮಾತು ಹೇಳಬೇಕು. ಎಂಜಿನಿಯರಿಂಗಿಗೆ ಸೀಟು ಸಿಕ್ಕಿದೆ; ಇವನು ಬೇಡವೆನ್ನುತ್ತಾನೆ. ಹಾಡುವವನಾದರೂ ಆಗಿದ್ದರೆ ನಾಲ್ಕು ಜನ ಹೆಸರು ಹೇಳಿಯಾರು. ಇವನು ಹಾಡುವವನ ಹಿಂದೆ ಕುಳಿತು ತಂತಿ ಮೀಟುವವನು. ಹಿಂದೆ ಕುಳಿತವನಿಗೆ ಯಾರು ಅನ್ನ ಹಾಕುತ್ತಾರೆ?”

ಪ್ರಶ್ನೆಯು ಸಾಮಾನ್ಯವಾದುದಲ್ಲ. ಆ ಸಂಜೆ ನಾನು ಉತ್ತರ ಕೊಡಲಿಲ್ಲ. “ಒಂದು ತಿಂಗಳು ತಡೆಯಿರಿ, ಪೊರ್ಬುಗಳೇ” ಎಂದು ಮಾತ್ರ ಹೇಳಿದೆನು. ಆ ತಿಂಗಳಿನಲ್ಲಿ ನಾನು ವಿಚಾರಿಸಿ, ಓದಿ, ಆಲೋಚಿಸಿ ಕಂಡುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈ ಪ್ರಶ್ನೆಯು ಕುಲಶೇಖರದ ಒಂದು ಮನೆಗೆ ಮಾತ್ರ ಸೇರಿದುದಲ್ಲ. ವಾಚಕರಲ್ಲಿ ಎಷ್ಟೋ ಮಂದಿಯ ಮನೆಯ ಮೂಲೆಯಲ್ಲಿಯೂ ಇಂದು ಒಂದು ಗಿಟಾರು ಒರಗಿ ನಿಂತಿದೆ.

ಯಕ್ಷಗಾನವನ್ನು ನೋಡಿ ಬೆಳೆದ ನಮ್ಮ ಜಿಲ್ಲೆಯವರಿಗೆ ಹಿಮ್ಮೇಳವೆಂದರೇನೆಂದು ವಿವರಿಸಬೇಕಾಗಿಲ್ಲ. ಕುಣಿದು ಮಾತನಾಡುವ ವೇಷಗಳು ಮುಮ್ಮೇಳ. ಹಿಂದೆ ಕುಳಿತ ಭಾಗವತರು, ಮದ್ದಳೆಯವರು, ಚೆಂಡೆಯವರು ಹಿಮ್ಮೇಳ. ಬಣ್ಣವಿಲ್ಲದ, ಕಿರೀಟವಿಲ್ಲದ ಈ ಹಿಮ್ಮೇಳವೇ ಆಟವನ್ನು ನಡೆಯಿಸುವುದು. ವೇಷಧಾರಿಯು ಎಷ್ಟೇ ಸಮರ್ಥನಾಗಿದ್ದರೂ ಮದ್ದಳೆಯು ಎಡವಿದರೆ ಅವನ ಹೆಜ್ಜೆಯೂ ಎಡವುತ್ತದೆ. ಇದನ್ನು ಬಲ್ಲ ನಾವು, ಗ್ರಾಮಫೋನಿನ ಕಾಲದಿಂದ ಮೊಬೈಲಿನ ಕಾಲದವರೆಗೆ ಹಾಡುಗಳನ್ನು ಕೇಳುತ್ತ ಬಂದಿದ್ದರೂ, ಅವುಗಳ ಹಿಮ್ಮೇಳದಲ್ಲಿ ಯಾರಿದ್ದರೆಂದು ಕೇಳಿದವರಲ್ಲ. ಗಾಯಕನ ಹೆಸರನ್ನು ಬಲ್ಲೆವು. ಸಂಗೀತ ನಿರ್ದೇಶಕನ ಹೆಸರನ್ನು ಕೆಲವರು ಬಲ್ಲರು. ಗಿಟಾರು ನುಡಿಸಿದವನು ಯಾರು, ವಾದ್ಯಗಳನ್ನು ಹೊಂದಿಸಿದವನು ಯಾರು ಎಂಬುದನ್ನು ಬಲ್ಲವರು ವಿರಳ.

ಈ ವೃತ್ತಿಯಲ್ಲಿ ಮೂರು ಕೆಲಸಗಳುಂಟು. ಮೊದಲನೆಯದು, ಕರೆದ ದಿನ ಧ್ವನಿಮುದ್ರಣಶಾಲೆಗೆ ಹೋಗಿ, ಇನ್ನೊಬ್ಬರ ಹಾಡಿಗೆ ವಾದ್ಯವನ್ನು ನುಡಿಸಿ, ಆ ದಿನದ ಸಂಬಳವನ್ನು ಪಡೆದು ಬರುವುದು. ಇವನನ್ನು ಸೆಷನ್ ವಾದಕನೆನ್ನುತ್ತಾರೆ. ಎರಡನೆಯದು ವಾದ್ಯಸಂಯೋಜನೆ. ಮೂರನೆಯದು ಹಾಡನ್ನೇ ಕಟ್ಟುವುದು, ಎಂದರೆ ಧಾಟಿಯನ್ನೂ ಕೆಲವೊಮ್ಮೆ ಸಾಹಿತ್ಯವನ್ನೂ ರಚಿಸುವುದು. ಮೂರನ್ನೂ ಒಬ್ಬನೇ ಮಾಡಬಲ್ಲನಾದರೂ ಸಾಮಾನ್ಯವಾಗಿ ಒಂದರಿಂದ ಒಂದಕ್ಕೆ ಏರಬೇಕಾಗುತ್ತದೆ.

ಗಿಟಾರು ಈ ಏಣಿಗೆ ಏಕೆ ಅನುಕೂಲವೆಂಬುದನ್ನು ಸ್ವಲ್ಪ ನೋಡೋಣ. ಅದಕ್ಕೆ ಆರು ತಂತಿಗಳು. ದಪ್ಪದ ತಂತಿಯಿಂದ ತೆಳ್ಳನೆಯದಕ್ಕೆ ಬರುವಾಗ ಇ, ಎ, ಡಿ, ಜಿ, ಬಿ, ಇ ಎಂಬ ಪಾಶ್ಚಾತ್ಯ ಸ್ವರಗಳಿಗೆ ಅವುಗಳನ್ನು ಶ್ರುತಿಗೊಳಿಸುವುದು ವಾಡಿಕೆ. ಕೊರಳಿನ ಮೇಲೆ ಅಡ್ಡಲಾಗಿ ಲೋಹದ ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲೂ ಅರ್ಧ ಸ್ವರ. ಹನ್ನೆರಡು ಮೆಟ್ಟಿಲು ಏರಿದರೆ ಒಂದು ಸ್ಥಾಯಿಯು ಮುಗಿಯುತ್ತದೆ. ನಮ್ಮ ವೀಣೆಗೂ ೨೪ ಮೆಟ್ಟಿಲುಗಳುಂಟು. ಆದರೆ ವೀಣೆಯ ವೈಭವವಿರುವುದು ತಂತಿಯನ್ನು ಎಳೆದು ಗಮಕವನ್ನು ಹೊರಡಿಸುವುದರಲ್ಲಿ. ಗಿಟಾರಿನ ಬಲವಿರುವುದು ಹಲವು ತಂತಿಗಳನ್ನು ಒಮ್ಮೆಲೇ ನುಡಿಸುವುದರಲ್ಲಿ. ಷಡ್ಜ, ಅಂತರಗಾಂಧಾರ, ಪಂಚಮ ಈ ಮೂರನ್ನು ಜೊತೆಯಾಗಿ ಮೀಟಿದರೆ ಬೆಳಕು ಬಿದ್ದಂಥ ಒಂದು ಭಾವವು ಹುಟ್ಟುತ್ತದೆ. ಅಂತರಗಾಂಧಾರದ ಸ್ಥಾನದಲ್ಲಿ ಸಾಧಾರಣಗಾಂಧಾರವನ್ನು ಇಟ್ಟು ನೋಡಿರಿ. ಅದೇ ಸ್ವರಗುಚ್ಛವು ಮುಖ ಬಾಡಿದ ಮಗುವಿನಂತಾಗುತ್ತದೆ. ಹಾಡುವವನ ಸ್ವರ ಬದಲಾಗದಿದ್ದರೂ ಕೆಳಗಿನ ಈ ಸ್ವರಗುಚ್ಛವು ಬದಲಾದರೆ ಕೇಳುವವನ ಮನಸ್ಸು ಬದಲಾಗುತ್ತದೆ. ಈ ಗುಟ್ಟನ್ನು ಗಿಟಾರು ನುಡಿಸುವವನು ಬೆರಳಿನಿಂದಲೇ ಕಲಿಯುತ್ತಾನೆ. ಆದುದರಿಂದಲೇ ಗಿಟಾರಿನಿಂದ ವಾದ್ಯಸಂಯೋಜನೆಗೆ ದಾರಿಯು ಹತ್ತಿರ.

ವಾದ್ಯಸಂಯೋಜಕನ ಕೆಲಸವು ಗೃಹಿಣಿಯು ಎಡೆ ಬಡಿಸುವ ಕೆಲಸದಂತೆ. ಅನ್ನವು ಮುಖ್ಯವೇ ಸರಿ. ಆದರೆ ಯಾವ ಪದಾರ್ಥವು ಎಲೆಯ ಯಾವ ಕಡೆಗೆ, ಯಾವ ಹೊತ್ತಿಗೆ, ಎಷ್ಟು ಬರಬೇಕೆಂಬುದನ್ನು ತಿಳಿಯದೆ ಬಡಿಸಿದರೆ ಊಟವು ಹದಗೆಡುತ್ತದೆ. ಸಂಗೀತ ನಿರ್ದೇಶಕನು ಒಂದು ಧಾಟಿಯನ್ನು ಗುನುಗಿ ತೋರಿಸುತ್ತಾನೆ. ಪಲ್ಲವಿಗೆ ಮುಂಚೆ ಏನು ನುಡಿಯಬೇಕು, ಪಲ್ಲವಿಗೂ ಚರಣಕ್ಕೂ ನಡುವೆ ಪಿಟೀಲುಗಳು ಬರಬೇಕೋ ಕೊಳಲೋ, ಗಾಯಕನು ಉಸಿರೆಳೆಯುವ ಕ್ಷಣವನ್ನು ಯಾವ ವಾದ್ಯವು ತುಂಬಬೇಕು, ಎಲ್ಲಿ ಎಲ್ಲವೂ ಸುಮ್ಮನಾಗಬೇಕು ಎಂಬುದನ್ನು ನಿರ್ಣಯಿಸಿ, ಪ್ರತಿಯೊಬ್ಬ ವಾದಕನಿಗೂ ಅವನವನ ಪಾಲನ್ನು ಕಾಗದದ ಮೇಲೆ ಬರೆದು ಕೊಡುವವನು ವಾದ್ಯಸಂಯೋಜಕನು. ಹಿಂದಿನ ಕಾಲದಲ್ಲಿ ವಾದಕರೆಲ್ಲರೂ ಗಾಯಕನೊಂದಿಗೆ ಒಂದೇ ಸಲ ನುಡಿಸಿ ಮುದ್ರಿಸಬೇಕಾಗಿತ್ತು. ಕಟ್ಟಕಡೆಯ ಸಾಲಿನವನ ಬೆರಳು ಒಮ್ಮೆ ತಪ್ಪಿದರೂ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಅಂಥಲ್ಲಿ ಬರವಣಿಗೆಯನ್ನು ನೋಡಿದಾಕ್ಷಣ ನುಡಿಸಬಲ್ಲವನಿಗೇ ಮರುದಿನವೂ ಕರೆ ಬರುತ್ತಿತ್ತು.

ಕುಲಶೇಖರದ ಹುಡುಗನ ಪ್ರಶ್ನೆಗೆ ನಾನು ಉತ್ತರವನ್ನು ಹುಡುಕಿದುದು ಮದ್ರಾಸಿನಲ್ಲಿ. ಅದೇಕೆಂದರೆ ನಮ್ಮ ಕನ್ನಡ ಚಲಚ್ಚಿತ್ರಗಳ ಹಾಡುಗಳು ಬಹುಕಾಲ ಮುದ್ರಿತವಾಗುತ್ತಿದ್ದುದು ಆ ಪಟ್ಟಣದಲ್ಲಿಯೇ. ಮತ್ತು ಕನ್ನಡದ ಹಾಡುಗಳ ಹಿಮ್ಮೇಳದಲ್ಲಿ ಕುಳಿತು ಈ ಮೂರು ಮೆಟ್ಟಿಲುಗಳನ್ನೂ ಕ್ರಮವಾಗಿ ಏರಿದ ಒಬ್ಬರ ಚರಿತ್ರೆಯು ಅಲ್ಲಿಯೇ ನಡೆಯಿತು. ಅವರ ಹೆಸರನ್ನು ಎಲ್ಲರೂ ಬಲ್ಲರು: ಇಳಯರಾಜ. ಆದರೆ ಅವರ ಕೀರ್ತಿಯನ್ನು ಕುರಿತು ಬರೆಯುವುದು ನನ್ನ ಉದ್ದೇಶವಲ್ಲ. ಕೀರ್ತಿಗೆ ಮುಂಚಿನ ವರ್ಷಗಳನ್ನು ಕುರಿತು ಬರೆಯಬೇಕಾಗಿದೆ.

ತಮಿಳುನಾಡಿನ ಪಣ್ಣೈಪುರವೆಂಬ ಹಳ್ಳಿಯಲ್ಲಿ ೧೯೪೩ರಲ್ಲಿ ಹುಟ್ಟಿದ ಇವರು ಹದಿನಾಲ್ಕರ ಪ್ರಾಯದಲ್ಲಿಯೇ ಅಣ್ಣ ಪಾವಲರ್ ವರದರಾಜನ್ ಅವರ ಸಂಚಾರಿ ಗಾಯನತಂಡವನ್ನು ಸೇರಿ, ಹಾರ್ಮೋನಿಯಂ ನುಡಿಸುತ್ತ ಸುಮಾರು ಹತ್ತು ವರ್ಷ ಊರೂರು ಅಲೆದರು. ಬಳಿಕ ಸಹೋದರರು ಮದ್ರಾಸಿಗೆ ಹೊರಟುನಿಂತಾಗ ಕೈಯಲ್ಲಿ ಹಣವಿರಲಿಲ್ಲ. ತಾಯಿ ಚಿನ್ನತಾಯಮ್ಮಾಳ್ ಮನೆಯಲ್ಲಿದ್ದ ರೇಡಿಯೋವನ್ನು ಮಾರಿ, ಬಂದ ೪೦೦ ರೂಪಾಯಿಗಳನ್ನು ಪೂರ್ತಿಯಾಗಿ ಮಕ್ಕಳ ಕೈಗಿತ್ತರೆಂದು ಇಳಯರಾಜರೇ ಹೇಳಿಕೊಂಡಿದ್ದಾರೆ. ಬಡಮನೆಯಲ್ಲಿ ರೇಡಿಯೋ ಎಂದರೆ ಆ ದಿನಗಳಲ್ಲಿ ಏನೆಂಬುದನ್ನು ಹಿರಿಯ ವಾಚಕರು ಬಲ್ಲರು. ಮಕ್ಕಳು ಸಂಗೀತವನ್ನು ಹುಡುಕಿಕೊಂಡು ಹೋಗಲೆಂದು ಆ ತಾಯಿಯು ಮನೆಯ ಸಂಗೀತವನ್ನೇ ಮಾರಿದಳು.

ಮದ್ರಾಸಿಗೆ ಬಂದವರು ಒಡನೆ ಅವಕಾಶವನ್ನು ಹುಡುಕಿ ನಿರ್ಮಾಪಕರ ಬಾಗಿಲಲ್ಲಿಯೇ ನಿಂತುಬಿಡಲಿಲ್ಲ. ೧೯೬೮ರಲ್ಲಿ ಧನರಾಜ್ ಮಾಸ್ಟರರೆಂಬ ಗುರುಗಳಲ್ಲಿ ವಿದ್ಯಾರ್ಥಿಯಾಗಿ ಸೇರಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಹತ್ತು ವರ್ಷ ವೇದಿಕೆಯ ಮೇಲೆ ನುಡಿಸಿದವನು, ಮತ್ತೆ ಮೊದಲಿನಿಂದ, ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯನ್ನು ಮಗುವಿನಂತೆ ತಿದ್ದಲು ಕುಳಿತುಕೊಳ್ಳುವುದು ಸುಲಭವಾದ ಸಂಗತಿಯಲ್ಲ. ಅಲ್ಲಿ ಸ್ವರಮೇಳನ, ಒಂದಕ್ಕೊಂದು ಎದುರಾಗಿ ಸಾಗುವ ಎರಡು ಧಾಟಿಗಳನ್ನು ಹೆಣೆಯುವ ವಿದ್ಯೆ, ವಾದ್ಯವಾದ್ಯಗಳ ಗುಣಧರ್ಮ ಇವುಗಳನ್ನು ಅಭ್ಯಾಸ ಮಾಡಿದರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನವರ ಗಿಟಾರು ಪರೀಕ್ಷೆಗೆ ಇಲ್ಲಿಂದಲೇ ಕುಳಿತು ಸ್ವರ್ಣಪದಕವನ್ನು ಪಡೆದರು. ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಕರ್ಣಾಟಕ ಸಂಗೀತವನ್ನೂ ಕಲಿತರು. ಕಲಿಯುತ್ತಿರುವಾಗಲೇ ಹೊಟ್ಟೆಯ ಪಾಡಿಗೆ ಕರೆದವರ ತಂಡದಲ್ಲಿ ಗಿಟಾರು, ಆರ್ಗನ್ ನುಡಿಸುತ್ತಿದ್ದರು. ಹೀಗೆ ಕರೆದವರಲ್ಲಿ ವಂಗದೇಶದ ಸಲಿಲ್ ಚೌಧುರಿಯವರೂ ಒಬ್ಬರು. ಈ ಗಿಟಾರು ವಾದಕನು ಮುಂದೆ ದೇಶದ ಶ್ರೇಷ್ಠ ಸಂಗೀತ ನಿರ್ದೇಶಕನಾಗುವನೆಂದು ಚೌಧುರಿಯವರು ಆಗಲೇ ಹೇಳಿದ್ದರೆಂಬ ಮಾತು ಪ್ರಸಿದ್ಧವಾಗಿದೆ.

ಅವರನ್ನು ಸಹಾಯಕನಾಗಿ ಸೇರಿಸಿಕೊಂಡು ಕೈತುಂಬ ಕೆಲಸವನ್ನಿತ್ತವರು ಕನ್ನಡದ ಸಂಗೀತ ನಿರ್ದೇಶಕರಾದ ಜಿ. ಕೆ. ವೆಂಕಟೇಶರು. ೧೯೯೩ರಲ್ಲಿ ದಿವಂಗತರಾದ ಈ ಮಹನೀಯರ ಸ್ವರಗಳು ಕನ್ನಡಿಗರ ಮನೆಮನೆಯಲ್ಲಿಯೂ ನೆಲೆಸಿವೆ. ೧೯೬೦ರಲ್ಲಿ ರಣಧೀರ ಕಂಠೀರವದಂಥ ಚಾರಿತ್ರಿಕ ಚಿತ್ರಕ್ಕೂ, ೧೯೬೮ರಲ್ಲಿ ಜೇಡರ ಬಲೆಯಂಥ ಪತ್ತೇದಾರಿ ಚಿತ್ರಕ್ಕೂ, ೧೯೭೧ರಲ್ಲಿ ಕಸ್ತೂರಿ ನಿವಾಸಕ್ಕೂ, ೧೯೭೨ರಲ್ಲಿ ಬಂಗಾರದ ಮನುಷ್ಯಕ್ಕೂ ಸಂಗೀತವನ್ನಿತ್ತವರು ಅವರೇ. ಒಂದು ಚಿತ್ರಕ್ಕೆ ಆಸ್ಥಾನದ ಗಾಂಭೀರ್ಯ, ಮತ್ತೊಂದಕ್ಕೆ ಹೊಲದ ಮಣ್ಣಿನ ವಾಸನೆ, ಇನ್ನೊಂದಕ್ಕೆ ಪಟ್ಟಣದ ರಾತ್ರಿಯ ಗಿಟಾರು. ಇಂಥ ನಿರ್ದೇಶಕನ ಬಳಿಯಲ್ಲಿ ಸಹಾಯಕನಾಗಿರುವುದೆಂದರೆ ಹತ್ತು ಪಾಠಶಾಲೆಗಳಲ್ಲಿ ಏಕಕಾಲಕ್ಕೆ ಓದಿದಂತೆ. ವೆಂಕಟೇಶರು ಧಾಟಿಯ ರೇಖೆಯನ್ನು ಹಾಕಿಕೊಡುವರು. ಅದಕ್ಕೆ ವಾದ್ಯಗಳ ಬಣ್ಣವನ್ನು ತುಂಬುವುದು ಸಹಾಯಕನ ಪಾಲು. ಹೀಗೆ ಸುಮಾರು ೨೦೦ ಚಿತ್ರಗಳಿಗೆ, ಅವುಗಳಲ್ಲಿ ಹೆಚ್ಚಿನವು ಕನ್ನಡದವು, ಇಳಯರಾಜರು ಕೆಲಸ ಮಾಡಿದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

ಆ ದಿನಗಳ ಒಂದು ಸಂಗತಿಯು ನನ್ನ ಮನಸ್ಸಿನಲ್ಲಿ ನಿಂತಿದೆ. ಅವರು ತಮ್ಮದೇ ಆದ ರಚನೆಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಅವುಗಳನ್ನು ಕೇಳುವುದೆಂತು? ವಾದಕರನ್ನು ಕರೆಯಿಸಲು ಹಣವಿಲ್ಲ. ಆದುದರಿಂದ ವೆಂಕಟೇಶರ ಧ್ವನಿಮುದ್ರಣದ ಬಿಡುವಿನಲ್ಲಿ ಆ ವಾದಕರನ್ನೇ ಬೇಡಿಕೊಂಡು ತಮ್ಮ ರಚನೆಯ ತುಣುಕುಗಳನ್ನು ನುಡಿಸಿ ಕೇಳುತ್ತಿದ್ದರಂತೆ. ಇತರರು ವಿಶ್ರಮಿಸುವ ಆ ಕೆಲವು ನಿಮಿಷಗಳು ಅವರ ವಿಶ್ವವಿದ್ಯಾಲಯವಾಗಿದ್ದುವು. ಬರೆದುದು ಕಾಗದದಲ್ಲಿ ಹೇಗೆ ಕಾಣುತ್ತದೆ, ಕಿವಿಯಲ್ಲಿ ಹೇಗೆ ಕೇಳುತ್ತದೆ ಎಂಬ ಅಂತರವನ್ನು ತಿಳಿಯುವ ಬೇರೆ ದಾರಿಯು ಅವರಿಗಿರಲಿಲ್ಲ.

೧೯೭೬ರಲ್ಲಿ ಪಂಚು ಅರುಣಾಚಲಂ ಎಂಬವರು ಅನ್ನಕ್ಕಿಳಿ ಎಂಬ ತಮಿಳು ಚಿತ್ರಕ್ಕೆ ಸಂಗೀತ ನಿರ್ದೇಶಕರಾಗಿ ಇವರನ್ನು ಕರೆದರು. ಎ. ಎಂ. ರಾಜಾ ಎಂಬ ಹಿರಿಯ ಗಾಯಕರು ಮೊದಲೇ ಪ್ರಸಿದ್ಧರಾಗಿದ್ದುದರಿಂದ, ರಾಜನೆಂದು ಕರೆಯಲ್ಪಡುತ್ತಿದ್ದ ಇವರ ಹೆಸರಿಗೆ ಎಳೆಯ ಎಂಬರ್ಥದ ‘ಇಳಯ’ವು ಸೇರಿತು. ಮದ್ರಾಸಿನಲ್ಲಿ ವಿದ್ಯಾರ್ಥಿಯಾಗಿ ಕುಳಿತಂದಿನಿಂದ ಈ ದಿನಕ್ಕೆ ಎಂಟು ವರ್ಷ. ಅಣ್ಣನ ತಂಡವನ್ನು ಸೇರಿದಂದಿನಿಂದ ಹತ್ತೊಂಬತ್ತು ವರ್ಷ. ಮುಂದಿನ ಕಥೆಯನ್ನು ಬೇಗನೆ ಹೇಳಬಹುದು. ೧೯೭೮ರ ಮಾತು ತಪ್ಪದ ಮಗ, ೧೯೮೧ರಲ್ಲಿ ಶಂಕರನಾಗರ ಗೀತಾ, ೧೯೮೩ರಲ್ಲಿ ಮಣಿರತ್ನಂ ಅವರ ಪ್ರಥಮ ಚಿತ್ರವಾದ ಪಲ್ಲವಿ ಅನುಪಲ್ಲವಿ, ೧೯೯೬ರ ನಮ್ಮೂರ ಮಂದಾರ ಹೂವೇ ಇವುಗಳ ಮೂಲಕ ಅವರು ಕನ್ನಡಕ್ಕೆ ಮರಳಿ ಬಂದರು. ಈ ಸಲ ಸಹಾಯಕರಾಗಿ ಅಲ್ಲ. ೨೦೧೮ರಲ್ಲಿ ಪದ್ಮವಿಭೂಷಣವು ದೊರೆಯಿತು. ೨೦೨೫ರ ಮಾರ್ಚಿಯಲ್ಲಿ, ಎಂಬತ್ತೊಂದರ ಪ್ರಾಯದಲ್ಲಿ, ತಮ್ಮ ಸಿಂಫೊನಿಯೊಂದನ್ನು ಲಂಡನ್ನಿನಲ್ಲಿ ಆಂಗ್ಲ ವಾದ್ಯವೃಂದದಿಂದ ನುಡಿಯಿಸಿದರು. ಧನರಾಜ್ ಮಾಸ್ಟರರ ಬಳಿ ತಿದ್ದಿದ ಅದೇ ಐದು ಗೆರೆಗಳು!

ಈ ಚರಿತ್ರೆಯನ್ನು ಕೇಳಿದ ಹುಡುಗರೆಲ್ಲರೂ, “ನಾನೂ ಹಾಗಾಗುವೆನು” ಎಂದುಕೊಳ್ಳಬಹುದು. ಅಲ್ಲಿಯೇ ಅಪಾಯವಿದೆ. ವೆಂಕಟೇಶರ ಮುಂದೆ ಕುಳಿತು ನುಡಿಸಿದ ವಾದಕರು ಎಷ್ಟೋ ಮಂದಿ. ಅವರಲ್ಲಿ ಒಬ್ಬರು ಇಳಯರಾಜರಾದರು. ಉಳಿದವರು ಜೀವಮಾನವೆಲ್ಲ ಹಿಮ್ಮೇಳದಲ್ಲಿಯೇ ಉಳಿದರು. ಅವರ ಬಾಳು ವ್ಯರ್ಥವಾಯಿತೇ? ಅವರು ನುಡಿಸಿದ ಹಾಡುಗಳನ್ನು ನಾವು ಇಂದಿಗೂ ಕೇಳಿ ಕಣ್ಣು ತೇವಮಾಡಿಕೊಳ್ಳುತ್ತಿರುವಾಗ ವ್ಯರ್ಥವೆನ್ನುವ ಧೈರ್ಯವು ಯಾರಿಗುಂಟು? ಆದರೆ ಅವರು ಸುಖವಾಗಿದ್ದರೇ ಎಂಬುದು ಬೇರೆಯೇ ಪ್ರಶ್ನೆ; ಪೊರ್ಬುಗಳು ಕೇಳಿದುದೂ ಅದನ್ನೇ.

ಸತ್ಯವನ್ನು ಮರೆಮಾಚಬಾರದು. ಸೆಷನ್ ವಾದಕನಿಗೆ ಸಾಮಾನ್ಯವಾಗಿ ಸಂಬಳವು ಒಂದೇ ಸಲ. ಹಾಡು ನೂರು ವರ್ಷ ಬಾಳಿದರೂ ಅವನ ಲೆಕ್ಕವು ಅಂದಿನ ಸಂಜೆಯೇ ತೀರಿತು. ಹಾಡನ್ನು ಬರೆದವನ ಸ್ಥಿತಿಯೂ ಬಹುಕಾಲ ಇದಕ್ಕಿಂತ ಹೆಚ್ಚು ಉತ್ತಮವಾಗಿರಲಿಲ್ಲ. ನಿರ್ಮಾಪಕನು ಹಣ ಕೊಟ್ಟು ಬರೆಯಿಸಿದ ಹಾಡಿನ ಹಕ್ಕು ನಿರ್ಮಾಪಕನದೇ ಎಂದು ೧೯೭೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತ್ತು. ೧೯೫೭ರ ಕೃತಿಸ್ವಾಮ್ಯದ ಕಾನೂನಿಗೆ ೨೦೧೨ರಲ್ಲಿ ತಿದ್ದುಪಡಿಯಾದ ಮೇಲೆಯೇ, ಚಿತ್ರಗೀತೆಗೆ ಸಾಹಿತ್ಯವನ್ನೂ ಸ್ವರವನ್ನೂ ಕೊಟ್ಟವರಿಗೆ ಚಿತ್ರಮಂದಿರದ ಹೊರಗಿನ ಬಳಕೆಗಳಿಂದ ಬರುವ ಗೌರವಧನದಲ್ಲಿ ಬಿಟ್ಟುಕೊಡಲಾಗದ ಪಾಲು ದೊರಕಿತು. ಆದುದರಿಂದ ನುಡಿಸುವವನು ಬರೆಯುವುದನ್ನೂ ಕಲಿಯಬೇಕೆಂಬುದು ಬರಿಯ ಕಲೆಯ ಮಾತಲ್ಲ; ಸಂಸಾರದ ಮಾತೂ ಹೌದು. ನುಡಿಸಿದುದಕ್ಕೆ ಕೂಲಿ, ಬರೆದುದಕ್ಕೆ ಹಕ್ಕು.

ಇನ್ನೊಂದು ಕಷ್ಟವು ಯಂತ್ರದಿಂದ ಬಂದಿತು. ೧೯೮೦ರ ದಶಕದಿಂದೀಚೆಗೆ ವಿದ್ಯುತ್ಕೀಲಿಮಣೆಗಳೂ ಗಣಕಯಂತ್ರಗಳೂ ಧ್ವನಿಮುದ್ರಣಶಾಲೆಯನ್ನು ಹೊಕ್ಕುವು. ಇಪ್ಪತ್ತು ಪಿಟೀಲುಗಳ ಸ್ವರವನ್ನು ಒಬ್ಬನು ಹತ್ತು ಬೆರಳುಗಳಿಂದ ಹೊರಡಿಸಬಲ್ಲವನಾದನು. ಎಷ್ಟೋ ವಾದಕರ ಮನೆಯಲ್ಲಿ ಒಲೆ ತಣ್ಣಗಾಯಿತು. ಗಿಟಾರಿನ ಸ್ವರವನ್ನೂ ಯಂತ್ರವು ಅನುಕರಿಸುತ್ತದೆ. ಆದರೆ ಬೆರಳು ತಂತಿಯ ಮೇಲೆ ಜಾರುವ ಸದ್ದು, ಗಾಯಕನ ಉಸಿರಿಗೆ ತಕ್ಕಂತೆ ಕಾಯುವ ಕ್ಷಣ ಇವುಗಳನ್ನು ಅನುಕರಿಸುವುದು ಕಷ್ಟ. ಆದುದರಿಂದ ಸಾಮಾನ್ಯ ವಾದಕನಿಗೆ ಇಂದು ಸ್ಥಳವು ಇಕ್ಕಟ್ಟು. ಸಮರ್ಥನಿಗೆ ಇನ್ನೂ ಉಂಟು.

ಇಷ್ಟಕ್ಕೂ ಎಲ್ಲರೂ ಮದ್ರಾಸಿಗೆ ಹೋಗಬೇಕಾಗಿಲ್ಲ. ಕುಲಶೇಖರದ ಮಗ್ಗುಲಲ್ಲಿಯೇ ಶಕ್ತಿನಗರವಿದೆ. ಅಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯ ಕಲಾಂಗಣ್ ಇದೆ. ೨೦೨೫ರಲ್ಲಿ ನಮ್ಮನ್ನಗಲಿದ ಎರಿಕ್ ಒಝೇರಿಯೊ ಅವರು ಮೊದಲಾದವರು ೧೯೮೬ರಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದುದು, ಕೊಂಕಣಿಯ ಹಾಡು ಪರದೇಶದ ಧಾಟಿಯ ನೆರಳಾಗದೆ ತನ್ನ ಮಣ್ಣಿನ ಸ್ವರವನ್ನು ಕಂಡುಕೊಳ್ಳಲೆಂದು. ೨೦೦೮ರ ಜನವರಿಯಲ್ಲಿ ಇಲ್ಲಿ ೪೦ ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿ ಗಿನ್ನೆಸ್ ದಾಖಲೆಯನ್ನು ಸ್ಥಾಪಿಸಿದರು. ಗಾಯಕರು ತಂಡತಂಡವಾಗಿ ಬಂದು ಹಾಡಿ ಇಳಿದರೆಂಬುದನ್ನು ಊರೆಲ್ಲ ಬಲ್ಲುದು. ಇದಕ್ಕೂ ಮುಂಚೆ, ೧೯೪೨ರಿಂದ ೨೦೧೦ರ ವರೆಗೆ ಬಾಳಿದ ನಮ್ಮ ವಿಲ್ಫಿ ರೆಬಿಂಬಸ್ ಅವರು, ಕೊಂಕಣ ಕೋಗಿಲೆಯೆಂದು ಜನರಿಂದ ಕರೆಯಿಸಿಕೊಂಡವರು, ತಾವೇ ಮಾತು ಕಟ್ಟಿ, ತಾವೇ ಧಾಟಿ ಕೂಡಿಸಿ, ತಾವೇ ಹಾಡಿ, ತಮ್ಮ ಹೆಸರಿನ ಸಂಗೀತರಾತ್ರಿಗಳಿಂದ ಮಂಗಳೂರಿನವರನ್ನು ದಶಕಗಳ ಕಾಲ ರಂಜಿಸಿದರು. ಕನ್ನಡದಲ್ಲಿಯೂ ೧೯೮೭ರ ಪ್ರೇಮಲೋಕದಲ್ಲಿ ಹಂಸಲೇಖರು ಸಾಹಿತ್ಯ, ಸಂಗೀತ ಎರಡನ್ನೂ ತಾವೇ ಕೊಟ್ಟುದನ್ನು ವಾಚಕರು ಬಲ್ಲರು. ಹೀಗಿರುವುದರಿಂದ, ಹಾಡು ಕಟ್ಟುವ ವಿದ್ಯೆಯು ನಮ್ಮ ನೆಲದಲ್ಲಿ ಬೆಳೆಯಲಾರದ ಬೆಳೆಯೇನೂ ಅಲ್ಲ.

ಒಂದು ತಿಂಗಳಾಯಿತು. ಪೊರ್ಬುಗಳು ಮತ್ತೆ ಬಂದರು. ನಾನು ಹುಡುಗನನ್ನು ಕೇಳಿದೆನು:

“ಮಗಾ, ನಿನಗೆ ನುಡಿಸಲು ಬರುತ್ತದೆ. ಬರೆಯಲು ಬರುತ್ತದೆಯೋ? ಬರೆದುದನ್ನು ಓದಲು ಬರುತ್ತದೆಯೋ?”

“ಇಲ್ಲ ಸರ್. ಕೇಳಿದರೆ ನುಡಿಸುತ್ತೇನೆ. ಮೊಬೈಲಿನಲ್ಲಿ ನೋಡಿ ಕಲಿತದ್ದು.”

“ಯಾರೂ ನಿನ್ನ ಹೆಸರು ಹೇಳದಿದ್ದರೂ ಆದೀತೋ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿಲ್ಲ” ಎಂದನು. ಆ ಉತ್ತರವು ನನಗೆ ಹಿಡಿಸಿತು. ಆಗುತ್ತದೆಂದು ತಟಕ್ಕನೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಪಾಶ್ಚಾತ್ಯ ಸ್ವರಲಿಪಿಯು ನನಗೆ ತಿಳಿಯದು. ಆದುದರಿಂದ ಅವನನ್ನು ಗಾಯನವೃಂದಕ್ಕೆ ಬಹುಕಾಲ ಆರ್ಗನ್ ನುಡಿಸಿದ ವೃದ್ಧ ಬಾಯಮ್ಮನೊಬ್ಬರ ಬಳಿಗೆ ಕಳುಹಿಸಿದೆನು. ಅವರು ಅವನ ಚುರುಕಾದ ಬೆರಳುಗಳನ್ನು ನೋಡಿ ಹೊಗಳಲಿಲ್ಲ. ಐದು ಗೆರೆಯ 

ಪುಸ್ತಕವೊಂದನ್ನು ಕೈಗಿತ್ತು, “ಮೂರು ತಿಂಗಳು ಇದನ್ನು ಬರೆ. ಹಾಡಿನ ಕೆಳಗಣ ಸ್ವರಗಳನ್ನು ನೀನೇ ಬರೆದುಕೊಂಡು ಬಾ. ಆಮೇಲೆ ನುಡಿಸುವಿಯಂತೆ” ಎಂದರು. ಮೊದಲನೆಯ ವಾರ ಅವನು ಸಿಟ್ಟಿನಿಂದ ಮನೆಗೆ ಬಂದನೆಂದೂ, ಎರಡನೆಯ ವಾರ ಪುಸ್ತಕವನ್ನು ಮೂಲೆಗೆಸೆದನೆಂದೂ, ತಾಯಿಯು ಅದನ್ನು ಎತ್ತಿ ಧೂಳೊರೆಸಿ ಮೇಜಿನ ಮೇಲಿರಿಸಿ, “ಪುತಾ, ಊಟ ಮಾಡಿ ಬರೆ” ಎಂದಷ್ಟೇ ಹೇಳಿದಳೆಂದೂ ಆಮೇಲೆ ತಿಳಿಯಿತು. ಮೂರನೆಯ ವಾರದಿಂದ ಅವನು ಬರೆಯತೊಡಗಿದನು.

ಮೂರು ತಿಂಗಳ ತರುವಾಯ ಬಾಯಮ್ಮನವರ ಮನೆಯಲ್ಲಿಯೇ ಪರೀಕ್ಷೆ. ಆರು ವರ್ಷದ ಹೆಣ್ಣುಮಗುವೊಂದು ಹಬ್ಬದ ಹಾಡನ್ನು ಹಾಡಬೇಕು. ಇವನು ತಾನು ಬರೆದುಕೊಂಡು ಬಂದ ಹಿಮ್ಮೇಳವನ್ನು ನುಡಿಸಬೇಕು. ಪೊರ್ಬುಗಳು, ಅವರ ಮಡದಿ, ನಾನು ಮೂವರೂ ಹೋಗಿದ್ದೆವು. ಮಗುವು ಚೆನ್ನಾಗಿಯೇ ಆರಂಭಿಸಿತು. ಎರಡನೆಯ ಚರಣದಲ್ಲಿ ನಮ್ಮೆಲ್ಲರನ್ನು ಕಂಡು ಅಂಜಿ ಗತಿಯನ್ನು ಕಳೆದುಕೊಂಡಿತು; ಒಂದು ಮಾತನ್ನು ಮರೆತು ನಿಂತೇಬಿಟ್ಟಿತು. ಹುಡುಗನು ನಿಲ್ಲಿಸಲಿಲ್ಲ. ಕಾಗದದಿಂದ ಕಣ್ಣೆತ್ತಿ ಮಗುವಿನ ಮುಖವನ್ನು ನೋಡುತ್ತ, ಅದೇ ಸ್ವರಗುಚ್ಛವನ್ನು ಮೆಲ್ಲಮೆಲ್ಲನೆ ಎರಡು ಸಲ, ಮೂರು ಸಲ ನುಡಿಸುತ್ತ ಕಾದನು. ಮಗುವಿಗೆ ಮಾತು ನೆನಪಾಯಿತು. ಅದು ಹಾಡಿದ ಗತಿಗೇ ಇವನೂ ಇಳಿದು, ಕೊನೆಯವರೆಗೆ ಅದರ ಹಿಂದೆಯೇ ನಡೆದನು. ಮಗುವು ತಪ್ಪಿತೆಂಬುದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಹಾಡು ಮುಗಿದಾಗ ಎಲ್ಲರೂ ಮಗುವನ್ನು ಮುದ್ದಿಸಿದರು. ಹುಡುಗನ ಕಡೆಗೆ ಯಾರೂ ನೋಡಲಿಲ್ಲ. ಅವನು ಕಾಗದಗಳನ್ನು ಮಡಚುತ್ತಿದ್ದನು.

ದಾರಿಯಲ್ಲಿ ಪೊರ್ಬುಗಳು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಮಾಷ್ಟ್ರೇ, ಆ ಮಗು ನಿಂತಾಗ ನನ್ನ ಎದೆ ಹೊಡೆದುಕೊಂಡಿತು. ಇವನಿಗೆ ಏನೂ ಆಗಲಿಲ್ಲವಲ್ಲ!” ಎಂದರು. ಆಮೇಲೆ ಮನೆಯವರೆಲ್ಲ ಕುಳಿತು ಒಂದು ನಿರ್ಣಯಕ್ಕೆ ಬಂದರು. ಎಂಜಿನಿಯರಿಂಗಿನ ಸೀಟನ್ನು ಬಿಟ್ಟಾಗಿತ್ತು. ಊರಿನ ಕಾಲೇಜಿನಲ್ಲಿಯೇ ಪದವಿಗೆ ಸೇರುವುದು. ಮೂರು ವರ್ಷ ಸ್ವರಲಿಪಿಯನ್ನೂ ವಾದ್ಯಸಂಯೋಜನೆಯನ್ನೂ ಕ್ರಮವಾಗಿ ಕಲಿಯುವುದು. ಟ್ರಿನಿಟಿಯವರ ಪರೀಕ್ಷೆಗಳನ್ನು ಒಂದೊಂದಾಗಿ ಕೊಡುವುದು. ನುಡಿಸಿ ಬಂದ ಹಣದ ಲೆಕ್ಕವನ್ನು ತಾಯಿಯ ಕೈಗೆ ಒಪ್ಪಿಸುವುದು. ಮೂರು ವರ್ಷಗಳ ತರುವಾಯ ಮತ್ತೆ ಎಲ್ಲರೂ ಕುಳಿತು ಆಲೋಚಿಸುವುದು. ಇದು ಗೆಲುವೂ ಅಲ್ಲ, ಸೋಲೂ ಅಲ್ಲ. ಮುಂದೆ ಅವನಿಗೆ ಕರೆಗಳು ಬಂದಾವೋ ಬಾರವೋ ಯಾರು ಬಲ್ಲರು?

ಮಕ್ಕಳ ತಂದೆತಾಯಿಗಳಾದ ವಾಚಕರಲ್ಲಿ ನನ್ನದೊಂದು ಅರಿಕೆ. ಮನೆಯ ಮೂಲೆಯಲ್ಲಿ ಗಿಟಾರು ಒರಗಿ ನಿಂತಿದ್ದರೆ, “ಇದರಿಂದ ಹೊಟ್ಟೆ ತುಂಬೀತೇ?” ಎಂದು ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ಅದರ ಜೊತೆಗೆ, “ಓದಲು, ಬರೆಯಲು ಕಲಿತೆಯಾ? ಇನ್ನೊಬ್ಬರ ಹಾಡಿಗೆ ಕಾಯಲು ಕಲಿತೆಯಾ?” ಎಂದೂ ಕೇಳಿರಿ. ಈ ಎರಡನ್ನು ಕಲಿತವನು ಮುಂದೆ ಬಂದರೂ ಲೇಸು, ಹಿಂದೆಯೇ ಕುಳಿತರೂ ಲೇಸು.

ಈಗಲೂ ಸಂಜೆಯ ಗಂಟೆಗಳು ನಿಂತ ಮೇಲೆ ನೆರೆಮನೆಯಿಂದ ಗಿಟಾರು ಕೇಳಿಸುತ್ತದೆ. ಮೊದಲಿನಂತೆ ಎಡೆಬಿಡದೆ ಅಲ್ಲ. ಸ್ವಲ್ಪ ನುಡಿಯುತ್ತದೆ, ನಿಲ್ಲುತ್ತದೆ, ಮತ್ತೆ ನುಡಿಯುತ್ತದೆ. ನಿಂತಾಗ ಅವನು ಬರೆಯುತ್ತಿರುತ್ತಾನೆ.